ಹೊಸ್ತಿಲು ದಾಟುವ ಸಸಿಗಳು

ಏಪ್ರಿಲ್ ತಿಂಗಳು ಅರ್ಧ ಕಳೆಯಿತೆಂದರೆ ನಮ್ಮ ಸಂಘದ ಸದಸ್ಯರ ಮನೆಗಳಲ್ಲಿ ಕಿಟಕಿಯ ಕಟ್ಟೆಗಳು ತುಂಬಿಹೋಗಿರುತ್ತವೆ. ಮೊಸರಿನ ಡಬ್ಬಿ, ಕಾಗದದ ಲೋಟ, ಅಂಗಡಿಯಿಂದ ಅಣಬೆ ತಂದ ಪ್ಲಾಸ್ಟಿಕ್ ತಟ್ಟೆ, ಹೀಗೆ ಯಾವುದು ಕೈಗೆ ಸಿಕ್ಕಿತೋ ಅದರಲ್ಲಿ ಟೊಮೆಟೊ, ಬದನೆ, ಮೆಣಸಿನಕಾಯಿ, ಹೀರೆ, ಅವರೆಗಳ ಸಸಿಗಳು ಬೆಳಕಿನ ಕಡೆಗೆ ಕತ್ತು ಚಾಚಿ ನಿಂತಿರುತ್ತವೆ. ಮೇ ತಿಂಗಳ ಮೊದಲ ಬ್ಯಾಂಕ್ ರಜೆಯ ಸೋಮವಾರ ಒಂದಿಷ್ಟು ಬಿಸಿಲು ಬಿದ್ದರೆ ಸಾಕು, ಅವೆಲ್ಲವನ್ನೂ ಅಂದೇ ಹಿತ್ತಿಲಿಗೆ ಒಯ್ದು ನೆಟ್ಟುಬಿಡುವ ಉತ್ಸಾಹ ಉಕ್ಕುತ್ತದೆ. ಮೂರನೆಯ ದಿನ ಸಂಘದ ವಾಟ್ಸ್ಆ್ಯಪ್ ಬಳಗದಲ್ಲಿ ಬಿಳಿಚಿಕೊಂಡ ಎಲೆಗಳ ಚಿತ್ರಗಳು ಬರತೊಡಗುತ್ತವೆ. ಅವುಗಳ ಕೆಳಗೆ ಒಂದೇ ಪ್ರಶ್ನೆ: “ಡಾಕ್ಟ್ರೇ, ಇದಕ್ಕೆ ಏನಾದರೂ ಔಷಧ ಇದೆಯೇ?”

ನಾನು ಮನುಷ್ಯರ ವೈದ್ಯೆ. ಅದರಲ್ಲಿಯೂ ವೃದ್ಧರ ವಾರ್ಡಿನಲ್ಲಿ ಕೆಲಸ ಮಾಡುವವಳು. ಆದರೂ ಯಾರ್ಕ್‌ಷೈರಿನ ಈ ಪುಟ್ಟ ಹಿತ್ತಿಲಿನಲ್ಲಿ ಹತ್ತಾರು ವಸಂತಗಳನ್ನು ಕಳೆದಿರುವುದರಿಂದ ಆ ಪ್ರಶ್ನೆಗೆ ಉತ್ತರ ಹೇಳಬಲ್ಲೆ. ಅದಕ್ಕೆ ಔಷಧವಿಲ್ಲ. ಸಸಿಗೆ ಬೇಕಾಗಿದ್ದುದು ಎರಡು ವಾರಗಳ ಕಾಲಾವಕಾಶ.

ಮನೆಯೊಳಗೆ ಬೆಳೆದ ಸಸಿಯನ್ನು ಬಯಲಿನಲ್ಲಿ ನೆಡುವ ಮುನ್ನ ಹೊರಗಿನ ಬಿಸಿಲು, ಗಾಳಿ, ತಂಪುಗಳನ್ನು ದಿನದಿನವೂ ಸ್ವಲ್ಪಸ್ವಲ್ಪವಾಗಿ ಅದಕ್ಕೆ ಪರಿಚಯಿಸುವ ಕ್ರಮವನ್ನು ಇಲ್ಲಿಯ ತೋಟಗಾರರು ‘ಹಾರ್ಡನಿಂಗ್ ಆಫ್’ ಎಂದು ಕರೆಯುತ್ತಾರೆ. ಗಡಸಾಗಿಸುವುದು ಎಂಬುದು ಅದರ ನೇರ ಅರ್ಥ. ನನಗಾದರೋ ನಮ್ಮ ‘ಒಗ್ಗಿಸುವುದು’ ಎಂಬ ಮಾತೇ ಹೆಚ್ಚು ಸರಿಯೆನಿಸುತ್ತದೆ. ನೀರು ಒಗ್ಗಿತು, ಹವೆ ಒಗ್ಗಿತು, ಊರು ಒಗ್ಗಿತು ಎನ್ನುತ್ತೇವಲ್ಲ, ಆ ಮಾತಿನೊಳಗೆ ಅದಕ್ಕೆ ತಗಲುವ ಕಾಲವೂ ಅಡಗಿದೆ.

ಸಸಿ ಒಳಗಿನಿಂದ ಹೊರಗೆ ಹೋಗುವಾಗ ದಾಟುವ ಅಂತರ ನಮ್ಮ ಕಣ್ಣಿಗೆ ಕಾಣುವುದಕ್ಕಿಂತ ಬಹಳ ದೊಡ್ಡದು. ಬೇಸಿಗೆಯ ನಡುಹಗಲಿನ ನೇರ ಬಿಸಿಲಿನ ಪ್ರಖರತೆ ಸುಮಾರು 1,00,000 ಲಕ್ಸ್. ಮೋಡ ಕವಿದ ಹಗಲಿನಲ್ಲಿಯೂ ಹೊರಗೆ 10,000 ಲಕ್ಸ್ ಆಸುಪಾಸಿನ ಬೆಳಕಿರುತ್ತದೆ. ಕೋಣೆಯೊಳಗೆ ಕಿಟಕಿಯಿಂದ ಒಂದೆರಡು ಮಾರು ಹಿಂದೆ ಸರಿದರೆ ಅದು ಕೆಲವು ನೂರಕ್ಕೆ ಇಳಿದುಬಿಡುತ್ತದೆ. ನಮ್ಮ ಕಣ್ಣಿನ ಪಾಪೆ ಹಿಗ್ಗಿ ಕುಗ್ಗಿ ಈ ವ್ಯತ್ಯಾಸವನ್ನು ಮರೆಮಾಚುತ್ತದೆ. ಎಲೆಗೆ ಅಂಥ ಉಪಾಯವಿಲ್ಲ. ಇದಲ್ಲದೆ ಸಾಮಾನ್ಯ ಕಿಟಕಿಯ ಗಾಜು ಸೂರ್ಯನ ಅತಿನೇರಳೆ ‘ಬಿ’ ಕಿರಣಗಳನ್ನು ಬಹುಮಟ್ಟಿಗೆ ತಡೆಯುತ್ತದೆ. ಗಾಜಿನ ಹಿಂದೆ ಎಷ್ಟು ಹೊತ್ತು ಕುಳಿತರೂ ನಮ್ಮ ಚರ್ಮದಲ್ಲಿ ಡಿ ಜೀವಸತ್ವ ತಯಾರಾಗದಿರುವುದು ಈ ಕಾರಣದಿಂದಲೇ. ಕಿಟಕಿಯ ಸಸಿಯ ಎಲೆ ಆ ಕಿರಣಗಳನ್ನು ಹುಟ್ಟಿದಾರಭ್ಯ ಕಂಡೇ ಇರುವುದಿಲ್ಲ. ಅವುಗಳಿಂದ ರಕ್ಷಿಸಿಕೊಳ್ಳಲು ಬೇಕಾದ ವರ್ಣದ್ರವ್ಯಗಳನ್ನು ಅದು ಸಾಕಷ್ಟು ಸಿದ್ಧಪಡಿಸಿಕೊಂಡೂ ಇರುವುದಿಲ್ಲ.

ಎಲೆಯ ಮೇಲಿನ ಮೇಣದ ಪದರದ ಕಥೆಯೂ ಹೀಗೆಯೇ. ಒಳಗಿನ ನಿಶ್ಚಲವಾದ ಗಾಳಿಯಲ್ಲಿ ಆ ಪದರ ತೆಳುವಾಗಿಯೇ ಉಳಿಯುತ್ತದೆ. ಎಲೆಯ ರಂಧ್ರಗಳು ಬೇಗಬೇಗ ಮುಚ್ಚಿಕೊಳ್ಳುವ ಅಭ್ಯಾಸವನ್ನು ಬೆಳೆಸಿಕೊಂಡಿರುವುದಿಲ್ಲ. ಇಂಥ ಸಸಿಯನ್ನು ಗಾಳಿಗೆ ಒಡ್ಡಿದಾಗ ಬೇರು ಎಳೆದುಕೊಳ್ಳುವುದಕ್ಕಿಂತ ಹೆಚ್ಚು ನೀರು ಎಲೆಯಿಂದ ಹೊರಟುಹೋಗುತ್ತದೆ. ಮಣ್ಣಿನಲ್ಲಿ ತೇವವಿದ್ದರೂ ಗಿಡ ಬಾಡುತ್ತದೆ. ಕಾಂಡದ ಸ್ಥಿತಿಯಂತೂ ಎಲ್ಲರಿಗೂ ಕಾಣುವಂಥದು: ಮಂದ ಬೆಳಕಿನಲ್ಲಿ ಸಸಿ ಉದ್ದುದ್ದ ಬೆಳೆದು ಕಡ್ಡಿಯಂತಾಗುತ್ತದೆ. ಗಾಳಿಯ ಅಲುಗಾಟ, ಮುಟ್ಟುವಿಕೆಗಳಿಗೆ ಪ್ರತಿಯಾಗಿ ಸಸ್ಯಗಳು ಗಿಡ್ಡವಾಗಿ, ದಪ್ಪವಾಗಿ ಬೆಳೆಯುವುದನ್ನು ಎಂ. ಜೆ. ಜಾಫಿ ಎಂಬ ಸಸ್ಯವಿಜ್ಞಾನಿ 1973ರಲ್ಲಿ ಪ್ರಯೋಗಗಳಿಂದ ತೋರಿಸಿ ಅದಕ್ಕೊಂದು ಶಾಸ್ತ್ರೀಯ ಹೆಸರನ್ನೂ ಕೊಟ್ಟರು. ಹೊರಗೆ ಬೀಸುವ ಹಿತವಾದ ಗಾಳಿ ಸಸಿಗೆ ಒಂದು ಬಗೆಯ ವ್ಯಾಯಾಮ.

ಬಿಳಿಚಿದ ಎಲೆಯ ವಿಷಯದಲ್ಲಿ ತಿಳಿದಿರಬೇಕಾದ ಮುಖ್ಯ ಸಂಗತಿ ಇನ್ನೊಂದಿದೆ. ಬಿಸಿಲಿಗೆ ಸುಟ್ಟು ಬಿಳಿಯಾದ ಭಾಗ ಮತ್ತೆ ಹಸಿರಾಗುವುದಿಲ್ಲ. ಆದರೆ ಗಿಡದ ತುದಿ ಜೀವಂತವಾಗಿದ್ದರೆ ಅಲ್ಲಿಂದ ಹೊಸ ಎಲೆಗಳು ಮೂಡುತ್ತವೆ, ಮತ್ತು ಅವು ಹೊರಗಿನ ಬೆಳಕಿಗೆ ತಕ್ಕಂತೆ ದಪ್ಪವಾಗಿಯೇ ಹುಟ್ಟುತ್ತವೆ. ಆದ್ದರಿಂದ ಸುಟ್ಟ ಎಲೆ ನೋಡಿ ಗಿಡವನ್ನು ಕಿತ್ತೆಸೆಯಬೇಡಿ. ಮುಂದಿನ ಎಲೆಯನ್ನು ಕಾಯಿರಿ.

ಈ ಜ್ಞಾನ ನಮ್ಮ ಊರುಗಳಿಗೆ ಹೊಸದೇನೂ ಅಲ್ಲ. ಬಯಲುಸೀಮೆಯ ರೈತರು ಟೊಮೆಟೊ, ಮೆಣಸಿನ ಸಸಿಮಡಿಗೆ ಮೊದಲು ನೆರಳು ಮಾಡಿ, ನಾಟಿಗೆ ಕೆಲವು ದಿನಗಳಿರುವಾಗ ಆ ನೆರಳನ್ನು ತೆಗೆದು ನೀರನ್ನೂ ಕಡಿಮೆ ಮಾಡುತ್ತಾರೆ. ನಾನು ಮಲೆನಾಡಿನವಳು. ಅಲ್ಲಿ ಎಳೆಯ ಅಡಿಕೆ ಸಸಿಗಳನ್ನು ಬಾಳೆಯ ನೆರಳಿನಲ್ಲಿ ಬೆಳೆಸುವುದನ್ನೂ, ನೈಋತ್ಯದ ಕಡೆಯಿಂದ ಬೀಳುವ ಇಳಿಹಗಲಿನ ಬಿಸಿಲಿಗೆ ಕಾಂಡ ಸೀಳದಂತೆ ಹಾಳೆಯನ್ನೋ ಸೋಗೆಯನ್ನೋ ಕಟ್ಟುವುದನ್ನೂ ನೋಡುತ್ತ ಬೆಳೆದೆ. ಅಲ್ಲಿ ಭಯ ಬಿಸಿಲಿನದು. ಇಲ್ಲಿ ಬಿಸಿಲಿನ ಜೊತೆಗೆ ಗಾಳಿಯೂ, ಎಲ್ಲಕ್ಕಿಂತ ಹೆಚ್ಚಾಗಿ ರಾತ್ರಿಯ ಫ್ರಾಸ್ಟೂ ಸೇರಿಕೊಳ್ಳುತ್ತವೆ.

ಇನ್ನು ಕ್ರಮದ ವಿಚಾರ. ಇಲ್ಲಿಯ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿ ಎರಡರಿಂದ ಮೂರು ವಾರಗಳ ಅವಧಿಯನ್ನು ಸೂಚಿಸುತ್ತದೆ. ನಾನು ಅನುಸರಿಸುವ ರೀತಿ ಹೀಗಿದೆ. ಮೊದಲ ಎರಡು ದಿನ, ಗಾಳಿ ತಾಗದ ನೆರಳಿನಲ್ಲಿ ಒಂದೆರಡು ಗಂಟೆ. ಮೂರನೆಯ ದಿನದಿಂದ ದಿನಕ್ಕೊಂದು ಗಂಟೆಯಂತೆ ಹೆಚ್ಚಿಸುತ್ತ, ಬೆಳಗಿನ ಎಳೆಬಿಸಿಲು ತಾಗುವಂತೆ ಸ್ವಲ್ಪ ಈಚೆಗೆ ಸರಿಸುವುದು. ಎರಡನೆಯ ವಾರದ ಆರಂಭದಲ್ಲಿ ಹಗಲಿಡೀ ಹೊರಗೆ, ರಾತ್ರಿ ಒಳಗೆ. ಆ ವಾರದ ಕೊನೆಗೆ, ರಾತ್ರಿಯ ಉಷ್ಣತೆ 10 ಡಿಗ್ರಿಗಿಂತ ಕೆಳಗಿಳಿಯದು ಎಂಬ ಮುನ್ಸೂಚನೆಯಿದ್ದರೆ, ತೋಟದ ತೆಳು ಫ್ಲೀಸ್ ಬಟ್ಟೆ ಹೊದಿಸಿ ರಾತ್ರಿಯೂ ಹೊರಗೆ ಬಿಡುವುದು. ಮೂರನೆಯ ವಾರ ಹೊದಿಕೆಯನ್ನೂ ತೆಗೆದು, ಮೋಡವಿರುವ ಒಂದು ಸಂಜೆ ನೆಲದಲ್ಲಿ ನೆಡುವುದು. ಈ ಅವಧಿಯಲ್ಲಿ ನೀರನ್ನು ತುಸು ಹಿಡಿದು ಕೊಡಬೇಕು. ಸಸಿ ಬಾಡುವಷ್ಟು ಮಾತ್ರ ಒಣಗಿಸಬಾರದು. ರಾತ್ರಿ ಹೊರಗಿಟ್ಟ ಟ್ರೇಯನ್ನು ನೆಲದಿಂದ ಎತ್ತರದ ಮೇಜಿನ ಮೇಲಿಡುವುದು ಒಳ್ಳೆಯದು. ಒಗ್ಗಿದ ಸಸಿಯೂ ಒಗ್ಗದ ಸಸಿಯೂ ಸ್ಲಗ್ ಹುಳುವಿಗೆ ಒಂದೇ.

ಗಂಡಹೆಂಡಿರಿಬ್ಬರೂ ದುಡಿಯುವ ಮನೆಯಲ್ಲಿ ಗಂಟೆಗೊಮ್ಮೆ ಟ್ರೇ ಸರಿಸುವವರಾರು ಎಂದು ನೀವು ಕೇಳುವುದು ಸಹಜ. ಶನಿವಾರ ಆರಂಭಿಸಿದರೆ ಮೊದಲ ಎರಡು ಸೂಕ್ಷ್ಮ ದಿನಗಳನ್ನು ನೀವೇ ನೋಡಿಕೊಳ್ಳಬಹುದು. ವಾರದ ದಿನಗಳಲ್ಲಿ ಗೋಡೆಯ ಉತ್ತರ ದಿಕ್ಕಿನ ನೆರಳು ನಿಮಗೆ ನೆರವಾಗುತ್ತದೆ. ನೇರ ಬಿಸಿಲು ಬೀಳದಿದ್ದರೂ ಅಲ್ಲಿಯ ಬೆಳಕು ಕೋಣೆಯೊಳಗಿನದಕ್ಕಿಂತ ಎಷ್ಟೋ ಪಾಲು ಹೆಚ್ಚು. ಬಟ್ಟೆ ತುಂಬಿಡುವ ಪಾರದರ್ಶಕ ಪ್ಲಾಸ್ಟಿಕ್ ಪೆಟ್ಟಿಗೆಯೊಂದಿದ್ದರೆ ಅದೇ ‘ಕೋಲ್ಡ್ ಫ್ರೇಮ್’ ಆಗುತ್ತದೆ. ಹಗಲು ಮುಚ್ಚಳ ತೆರೆದಿರಲಿ, ಸಂಜೆ ಮುಚ್ಚಿರಲಿ. ಬಿಸಿಲಿನಲ್ಲಿ ಮುಚ್ಚಿಬಿಟ್ಟರೆ ಸಸಿಗಳು ಬೆಂದುಹೋಗುತ್ತವೆ.

ಇಲ್ಲಿ ಒಂದು ಭ್ರಮೆಯನ್ನು ನಿವಾರಿಸಬೇಕು. ಒಗ್ಗಿಸಿದ ಮಾತ್ರಕ್ಕೆ ಎಲ್ಲ ಸಸಿಗಳೂ ಹೆಪ್ಪುಗಟ್ಟುವ ಚಳಿಯನ್ನು ತಡೆಯಲಾರವು. ಎಲೆಕೋಸು, ಬಟಾಣಿಗಳಂಥವು ತಂಪಿಗೆ ಒಗ್ಗುತ್ತ ತಮ್ಮ ಜೀವಕೋಶಗಳಲ್ಲಿ ಸಕ್ಕರೆಯ ಅಂಶವನ್ನು ಹೆಚ್ಚಿಸಿಕೊಂಡು ಲಘು ಫ್ರಾಸ್ಟನ್ನು ಸಹಿಸುತ್ತವೆ. ಮೆಣಸು, ಬದನೆ, ಟೊಮೆಟೊ, ಹೀರೆ, ಹಾಗಲಗಳಿಗೆ ಆ ಶಕ್ತಿ ಜನ್ಮತಃ ಇಲ್ಲ. ಎಷ್ಟು ವಾರ ಪಳಗಿಸಿದರೂ ಬರುವುದೂ ಇಲ್ಲ. ನಮ್ಮ ಕಡೆಯ ತೋಟಗಳಲ್ಲಿ ಮೇ ಕೊನೆಯ ವಾರದವರೆಗೂ ಫ್ರಾಸ್ಟ್ ಬೀಳುವ ಸಂಭವವಿದೆ. ಹವಾಮಾನ ವರದಿಯ ಉಷ್ಣತೆಯನ್ನು ನೆಲದಿಂದ 1.25 ಮೀಟರ್ ಎತ್ತರದಲ್ಲಿ ಅಳೆಯುತ್ತಾರೆ. ಮೋಡವಿಲ್ಲದ, ಗಾಳಿಯಿಲ್ಲದ ರಾತ್ರಿಯಲ್ಲಿ ವರದಿ 3 ಡಿಗ್ರಿ ಎಂದಾಗಲೂ ಹುಲ್ಲಿನ ಮಟ್ಟದಲ್ಲಿ ಸೊನ್ನೆಗಿಂತ ಕೆಳಗಿರಬಹುದು. ಅಂಥ ರಾತ್ರಿ ಮೆಣಸಿನ ಸಸಿಯನ್ನು ಒಳಗೆ ತರುವುದು ಅದನ್ನು ಮುದ್ದುಮಾಡಿದಂತಲ್ಲ. ಅದರ ಸ್ವಭಾವವನ್ನು ಅರಿತು ನಡೆದಂತೆ.

ಇದೆಲ್ಲ ನನಗೆ ತೋಟದಲ್ಲಿ ಎಷ್ಟು ಪರಿಚಿತವೋ ವಾರ್ಡಿನಲ್ಲಿಯೂ ಅಷ್ಟೇ ಪರಿಚಿತ. ಆರೋಗ್ಯವಂತ ವೃದ್ಧರು ಹತ್ತೇ ದಿನ ಹಾಸಿಗೆಯಲ್ಲಿ ಕಳೆದರೆ ಕಾಲುಗಳ ಸ್ನಾಯುವಿನಲ್ಲಿ ಸುಮಾರು ಒಂದು ಕಿಲೋ ಕರಗಬಲ್ಲದು ಎಂದು 2007ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ನ್ಯುಮೋನಿಯಾದಿಂದ ಚೇತರಿಸಿಕೊಂಡ ಎಂಬತ್ತರ ಅಜ್ಜಿಯನ್ನು ನಾವು ಒಮ್ಮೆಲೇ ಮನೆಗೆ ನಡೆಸುವುದಿಲ್ಲ. ಮೊದಲು ಹಾಸಿಗೆಯ ಅಂಚಿನಲ್ಲಿ, ಆಮೇಲೆ ಕುರ್ಚಿಯಲ್ಲಿ ಕೂರಿಸುತ್ತೇವೆ. ನಂತರ ವಾಕರ್ ಹಿಡಿದು ಶೌಚಾಲಯದವರೆಗೆ, ಕೊನೆಗೆ ಮೆಟ್ಟಿಲು. ಸೆಕೆಯ ನಾಡಿಗೆ ಹೋದ ಕಾರ್ಮಿಕನ ದೇಹ ಆ ಶಾಖಕ್ಕೆ ಒಗ್ಗಲು ಒಂದರಿಂದ ಎರಡು ವಾರ ಬೇಕೆಂದು ವೈದ್ಯಶಾಸ್ತ್ರ ಹೇಳುತ್ತದೆ. ಸಸಿಯ ಲೆಕ್ಕವೂ ಹೆಚ್ಚುಕಡಿಮೆ ಅಷ್ಟೇ.

ಹಾಗಿದ್ದೂ ಒಂದು ಕಡೆ ಈ ಲೆಕ್ಕವನ್ನು ನಾವು ಮರೆತುಬಿಡುತ್ತೇವೆ: ಹೊಸದಾಗಿ ಈ ದೇಶಕ್ಕೆ ಬರುವ ಮನುಷ್ಯರ ವಿಷಯದಲ್ಲಿ. ಕಳೆದ ವರ್ಷ ಏಪ್ರಿಲ್ ಕೊನೆಯಲ್ಲಿ ಕರ್ನಾಟಕದಿಂದ ಬಂದ ಯುವ ವೈದ್ಯೆಯೊಬ್ಬಳು ಸಂಘದ ಮೂಲಕ ನಮ್ಮ ಮನೆಗೆ ಬಂದಳು. ಪ್ಲಾಬ್ ಪರೀಕ್ಷೆ ಮುಗಿದಿತ್ತು, ಜಿಎಂಸಿ ನೋಂದಣಿಯಾಗಿತ್ತು, ಊರಿನ ಆಸ್ಪತ್ರೆಯಲ್ಲಿ ಆರು ವರ್ಷ ದುಡಿದ ಅನುಭವವಿತ್ತು. ಇಲ್ಲಿ ಬಾಡಿಗೆ ಮನೆ ಹಿಡಿಯಲು ಇಲ್ಲಿಯದೇ ಸಂಬಳದ ಚೀಟಿ ಕೇಳುತ್ತಾರಾದ್ದರಿಂದ, ಅದು ಕೈಸೇರುವವರೆಗೆ ನಮ್ಮ ಮಾಳಿಗೆಯ ಕೋಣೆಯಲ್ಲಿರಲೆಂದು ನಿಶ್ಚಯವಾಯಿತು. ಕೆಲಸಕ್ಕೆ ಸೇರಿದ ನಾಲ್ಕನೆಯ ದಿನವೇ ಆಸ್ಪತ್ರೆಯವರು ಆಕೆಯ ಹೆಸರನ್ನು ರಾತ್ರಿ ಪಾಳಿಗೆ ಹಾಕಿದರು. ಹನ್ನೆರಡು ಗಂಟೆಗಳ ಕಾಲ ಹಲವು ವಾರ್ಡುಗಳ ಕರೆಗಳಿಗೆ ಆಕೆಯೊಬ್ಬಳ ಕೈಯಲ್ಲಿ ಬ್ಲೀಪ್.

ಮರುದಿನ ಬೆಳಿಗ್ಗೆ ಬಂದವಳು ತಿಂಡಿಯನ್ನೂ ಮುಟ್ಟದೆ ಕುಳಿತಿದ್ದಳು. “ಅಕ್ಕ, ಕಾಯಿಲೆ ನನಗೆ ಗೊತ್ತು. ಆದರೆ ಇಲ್ಲಿ ಯಾರನ್ನು ಕರೆಯಬೇಕು, ಏನೆಂದು ಹೇಳಿ ಕರೆಯಬೇಕು, ಅದು ಗೊತ್ತಿಲ್ಲ. ವಾಪಸ್ ಹೋಗಿಬಿಡೋಣ ಅನ್ನಿಸುತ್ತಿದೆ” ಎಂದಳು. ಆ ಮಾತಿನಲ್ಲಿ ಉತ್ಪ್ರೇಕ್ಷೆಯಿರಲಿಲ್ಲ. ಊರಿನಲ್ಲಿ 180 ಎಂದು ಓದುತ್ತಿದ್ದ ರಕ್ತದ ಸಕ್ಕರೆ ಇಲ್ಲಿ 10. ಅಲ್ಲಿ 1 ಇದ್ದ ಕ್ರಿಯೇಟಿನಿನ್ ಇಲ್ಲಿ 88. ಹೃದಯ ನಿಂತರೆ ಯಾವ ಅಂಕಿಯನ್ನು ಒತ್ತಬೇಕೆಂಬುದು ಇಲ್ಲಿ ಹುಟ್ಟಿ ಓದಿದವರಿಗೆ ಅಭ್ಯಾಸಬಲದಿಂದ ಬರುತ್ತದೆ: 2222. ಮರಣಾಸನ್ನರಾದ ರೋಗಿಯ ಮನೆಯವರೊಡನೆ ಎದೆ ಒತ್ತುವ ಚಿಕಿತ್ಸೆ ಬೇಡವೆಂಬ ನಿರ್ಧಾರವನ್ನು ಮಾತಾಡುವ ಧಾಟಿಯೂ ಬೇರೆ. ಇದರಲ್ಲಿ ಯಾವುದೂ ಜ್ಞಾನದ ಕೊರತೆಯಲ್ಲ. ಗಾಜಿನ ಈಚೆಗಿನ ಬೆಳಕು ಬೇರೆ, ಆಚೆಗಿನ ಬೆಳಕು ಬೇರೆ.

ಸ್ವತಂತ್ರವಾಗಿ ಪಾಳಿ ಮಾಡುವ ಮುನ್ನ ಹೊಸ ವೈದ್ಯರು ಅನುಭವಿಗಳ ಜೊತೆಗಿದ್ದು ನೋಡಿ ಕಲಿಯುವ ಅವಧಿಯನ್ನು ಇಲ್ಲಿ ‘ಶ್ಯಾಡೋಯಿಂಗ್’ ಎನ್ನುತ್ತಾರೆ. ನೆರಳಿನಲ್ಲಿರುವುದು ಎಂಬ ಆ ಪದವೇ ಸಸಿಮಡಿಯದು! ಅದನ್ನು ಕೇಳಿ ಪಡೆಯುವುದು ಅವಮಾನವಲ್ಲವೆಂದು ಹೇಳಿದೆ. ರೋಗಿಗಳ ಸುರಕ್ಷತೆಯೂ ಅದರಲ್ಲಿದೆಯೆಂದು ವಿವರಿಸಿದೆ. ಆಕೆ ತನ್ನ ಮೇಲ್ವಿಚಾರಕರಿಗೆ ವಿನಯದಿಂದ, ಆದರೆ ಸ್ಪಷ್ಟವಾಗಿ ಪತ್ರ ಬರೆದಳು. ಪಾಳಿಯ ಪಟ್ಟಿ ತಯಾರಿಸುವವರು ಮುಖ ಗಂಟಿಕ್ಕಿದರು. ಆದರೂ ಎರಡು ವಾರಗಳ ಕಾಲಾವಕಾಶ ದೊರೆಯಿತು, ರಾತ್ರಿ ಪಾಳಿ ಜೂನ್ ತಿಂಗಳಿಗೆ ಹೋಯಿತು.

ಆ ಎರಡು ವಾರ ನಮ್ಮ ಮನೆಯಲ್ಲಿ ಸಸಿಗಳನ್ನು ಒಗ್ಗಿಸುವ ಕಾಲವೂ ಆಗಿತ್ತು. ಸಂಜೆ ಟ್ರೇಗಳನ್ನು ಒಳಗೆ ತರುವ ಕೆಲಸವನ್ನು ಆಕೆ ತಾನಾಗಿಯೇ ವಹಿಸಿಕೊಂಡಳು. ಆಮೇಲೆ ಅಡುಗೆಮನೆಯಲ್ಲಿ ನಾನು ಸಾರಿಗೆ ಒಗ್ಗರಣೆ ಹಾಕುತ್ತಿರುವಾಗ ಆಕೆ ನನಗೆ ಸುಳ್ಳುಸುಳ್ಳೇ ಫೋನು ಮಾಡುವಳು: ನಾನು ಇಂಥವಳು, ರೋಗಿಗೆ ಹೀಗಾಗಿದೆ, ಹಿನ್ನೆಲೆ ಇದು, ಇದು ಇಂಥದಿರಬಹುದೆಂದು ನನ್ನ ಅಂದಾಜು, ನೀವು ಬಂದು ನೋಡಬೇಕು. ಮೊದಮೊದಲು ಕೊನೆಯ ವಾಕ್ಯವನ್ನು ಹೇಳುವಾಗ ದನಿ ತಗ್ಗುತ್ತಿತ್ತು. ದೊಡ್ಡವರನ್ನು ರಾತ್ರಿ ಎಬ್ಬಿಸಬಾರದೆಂದು ಬೆಳೆದವರಲ್ಲವೇ ನಾವು! ಜೂನ್ ತಿಂಗಳ ಮೊದಲ ರಾತ್ರಿ ಪಾಳಿ ಮುಗಿಸಿ ಬಂದಾಗ ಎರಡು ತಟ್ಟೆ ಉಪ್ಪಿಟ್ಟು ತಿಂದು, “ರಿಜಿಸ್ಟ್ರಾರನ್ನು ಎರಡು ಸಲ ಕರೆದೆ ಅಕ್ಕ, ಎರಡು ಸಲವೂ ಬಂದರು” ಎಂದಷ್ಟೇ ಹೇಳಿ ಮಲಗಿಬಿಟ್ಟಳು. ಈಗ ಆಕೆ ಬೇರೊಂದು ನಗರದಲ್ಲಿದ್ದಾಳೆ, ಹೊಸದಾಗಿ ಬರುವವರಿಗೆ ತಾನೇ ಜೊತೆಯಾಗುತ್ತಾಳೆ.

ಈ ಮಾತನ್ನು ಹೇಳಿದಾಗ ನಮ್ಮ ಹಿರಿಯ ಸದಸ್ಯರು ಕೆಲವರು, “ನಾವು ಬಂದಾಗ ಇದಾವುದೂ ಇರಲಿಲ್ಲ, ಬದುಕಲಿಲ್ಲವೇ?” ಎನ್ನುವುದುಂಟು. ಬದುಕಿದಿರಿ ನಿಜ, ಅದಕ್ಕೆ ನಮ್ಮೆಲ್ಲರ ಗೌರವವಿದೆ. ಆದರೆ ಒಗ್ಗಿಸದೆ ನೆಟ್ಟ ಹತ್ತು ಸಸಿಗಳಲ್ಲಿ ಎರಡೋ ಮೂರೋ ಹೇಗೂ ಉಳಿಯುತ್ತವೆ. ಅವನ್ನಷ್ಟೇ ನೋಡಿ ಒಗ್ಗಿಸುವ ಅಗತ್ಯವಿಲ್ಲವೆಂದು ಹೇಳಲಾದೀತೆ? ಉಳಿಯದವು ನಮ್ಮ ಕಣ್ಣಮುಂದೆ ಇರುವುದಿಲ್ಲ. ಒಂದೆರಡು ತಿಂಗಳಲ್ಲೇ ಸೋತು ಮರಳಿ ಹೋದ ಸಮರ್ಥರನ್ನು ನಾನು ಬಲ್ಲೆ. ಅವರು ಸಂಘದ ಯುಗಾದಿಗೂ ಬರಲಿಲ್ಲ, ದೀಪಾವಳಿಗೂ ಬರಲಿಲ್ಲ. ಆದ್ದರಿಂದ ಅವರ ಲೆಕ್ಕ ನಮ್ಮಲ್ಲಿಲ್ಲ. ಒಗ್ಗಿಸುವುದನ್ನು ನಾವು ಪರೀಕ್ಷೆಯೆಂದು ತಿಳಿಯಬಾರದು. ಔಷಧಕ್ಕಿರುವಂತೆ ಅದಕ್ಕೂ ಪ್ರಮಾಣವಿದೆ. ಕಡಿಮೆಯಾದರೆ ಫಲವಿಲ್ಲ, ಹೆಚ್ಚಾದರೆ ಹಾನಿ. ಶಾಶ್ವತವಾಗಿ ನೆರಳಿನಲ್ಲಿಟ್ಟರೆ ಗಿಡ ಕಡ್ಡಿಯಾಗುತ್ತದೆ ಎಂಬುದೂ ಅಷ್ಟೇ ಸತ್ಯ. ಆಕೆಯ ಪರವಾಗಿ ನಾನು ಫೋನು ಮಾಡಲಿಲ್ಲ, ಪತ್ರ ಬರೆಯಲಿಲ್ಲ. ಅವೆರಡೂ ಆಕೆಯ ಪಾಲಿನ ಬಿಸಿಲು.

ಆದ್ದರಿಂದ ಸದಸ್ಯ ಕುಟುಂಬಗಳಲ್ಲಿ ಒಂದು ವಿನಂತಿ. ಹೊಸಬರು ಆಗಸ್ಟ್ ತಿಂಗಳಿನಲ್ಲಿ ಮತ್ತೆ ಬರುತ್ತಾರೆ. ವೈದ್ಯರಷ್ಟೇ ಅಲ್ಲ, ನರ್ಸುಗಳು, ಎಂಜಿನಿಯರುಗಳು, ವಿದ್ಯಾರ್ಥಿಗಳು ಸಹ. ಮನೆಯಲ್ಲಿ ಖಾಲಿ ಕೋಣೆಯಿದ್ದವರು ಎರಡು ಮೂರು ವಾರಗಳ ಮಟ್ಟಿಗೆ ಅದನ್ನು ಕೊಡಲಾದರೆ ಸಂಘಕ್ಕೆ ತಿಳಿಸಿ. ಕೋಣೆಯಿಲ್ಲದವರು ಒಂದು ಶನಿವಾರ ಜೊತೆಗೆ ಬಸ್ಸು ಹತ್ತಿ ಊರು ತೋರಿಸಬಹುದು, ಜಿಪಿ ನೋಂದಣಿಯ ಅರ್ಜಿ ತುಂಬಲು ನೆರವಾಗಬಹುದು, ರಾತ್ರಿ ಹತ್ತರ ಮೇಲೆ ಬಂದ ಕರೆಯನ್ನೂ ಎತ್ತಿಕೊಳ್ಳುವೆನೆಂದು ಮಾತು ಕೊಡಬಹುದು. ಸೆಪ್ಟೆಂಬರಿನಲ್ಲಿ ವಿಶ್ವವಿದ್ಯಾಲಯಕ್ಕೆ ಹೊರಡುವ ಮಕ್ಕಳಿರುವವರು ಅಡುಗೆ, ಬಟ್ಟೆ ಒಗೆಯುವುದು, ದುಡ್ಡಿನ ಲೆಕ್ಕಗಳನ್ನು ಈ ಬೇಸಿಗೆಯಲ್ಲೇ ಒಂದೊಂದಾಗಿ ಅವರ ಕೈಗೆ ದಾಟಿಸುತ್ತ ಬನ್ನಿ. ಹೊರಡುವ ಹಿಂದಿನ ರಾತ್ರಿ ಎಲ್ಲವನ್ನೂ ಹೇಳಿಕೊಡಲಾಗುವುದಿಲ್ಲ.

ಕಿಟಕಿಯ ಸಸಿಗಳ ಮಟ್ಟಿಗೆ, ಮೇ ಕೊನೆಯ ಬ್ಯಾಂಕ್ ರಜೆಗೆ ನೆಡಬೇಕೆಂದಿದ್ದರೆ ಅದಕ್ಕೆ ಎರಡು ಮೂರು ವಾರ ಹಿಂದಿನ ಶನಿವಾರ ಒಗ್ಗಿಸಲು ತೊಡಗಿ. ಟ್ರೇಯನ್ನು ನೆರಳಿಗಿಟ್ಟು ಗಡಿಯಾರ ನೋಡಿಕೊಳ್ಳಿ. ಮೊದಲ ದಿನಕ್ಕೆ ಒಂದು ಗಂಟೆ ಸಾಕು.